ಟಿವಿ ಮ್ಯೂಟ್ ಮಾಡಿ ನೋಡಿ

ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಒಂಬತ್ತು ಗಂಟೆಗೆ ಯಾವುದಾದರೂ ನ್ಯೂಸ್ ಚಾನೆಲ್ ಹಾಕಿ, ರಿಮೋಟ್ ತಗೊಂಡು ಮ್ಯೂಟ್ ಬಟನ್ ಒತ್ತಿ. ನಮ್ಮ ಚಾನೆಲ್ ಆದರೂ ಪರವಾಗಿಲ್ಲ. ಐದೇ ನಿಮಿಷ ನೋಡಿ. ನಾನು ಕೈ ಆಡಿಸ್ತಿರ್ತೀನಿ, ಬಾಯಿ ಆಡಿಸ್ತಿರ್ತೀನಿ, ಕೆಳಗೆ ಕೆಂಪು ಪಟ್ಟಿಯಲ್ಲಿ ನಾಲ್ಕು ಪದ ಓಡ್ತಿರುತ್ತೆ. ಏನಾಯ್ತು, ಯಾರಿಗಾಯ್ತು, ನಾವೇನು ಮಾಡಬೇಕು? ಒಂದೂ ಗೊತ್ತಾಗಲ್ಲ. ನಿಮಗೆ ಐದು ನಿಮಿಷಕ್ಕೇ ಸಾಕಾಗುತ್ತೆ. 2011ರ ಜನಗಣತಿ ಪ್ರಕಾರ ಈ ದೇಶದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು. ಅವರ ಬದುಕಿಗೆ ರಿಮೋಟ್ ಇಲ್ಲ.

ಈಗ ಕಡಗಂಚಿಗೆ ಬನ್ನಿ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿರೋ ಊರು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರೋದು ಇಲ್ಲೇ. ಇಂಥ ಊರಲ್ಲಿ ಕಿವಿ ಕೇಳದ ಒಬ್ಬ ತಾಯಿ ಇದ್ದಾರೆ ಅಂದುಕೊಳ್ಳಿ. ಅವರ ಒಂದು ದಿನ ಹೇಗಿರುತ್ತೆ?

ರಾತ್ರಿ ಕೂಸು ಅಳುತ್ತೆ, ಅವರಿಗೆ ಕೇಳಲ್ಲ. ಬೆಳಿಗ್ಗೆ ನ್ಯಾಯಬೆಲೆ ಅಂಗಡಿ ಸಾಲಲ್ಲಿ ನಿಂತಾಗ ಅಂಗಡಿಯವರು ‘ಸರ್ವರ್ ಇಲ್ರಿ, ನಾಳಿಗಿ ಬರ್ರಿ’ ಅಂತಾರೆ. ಎಲ್ಲರೂ ಚೀಲ ಮಡಚಿ ಹೊರಡ್ತಾರೆ, ಇವರು ಯಾಕೆ ಅಂತ ತಿಳಿಯದೆ ಅಲ್ಲೇ ನಿಂತಿರ್ತಾರೆ. ಕಲಬುರಗಿಗೆ ಆಸ್ಪತ್ರೆಗೆ ಹೋದರೆ ಡಾಕ್ಟರ್ ಮಾತಾಡೋದು ಜೊತೆಗೆ ಬಂದ ತಮ್ಮನ ಹತ್ತಿರ. ಕಾಯಿಲೆ ಇವರದ್ದು, ಮಾತು ಇನ್ನೊಬ್ಬರದ್ದು!

ಇದರಲ್ಲಿ ಅರ್ಧದಷ್ಟು ಕಷ್ಟಕ್ಕೆ ಉತ್ತರ ಅವರ ಕೈಯಲ್ಲಿರೋ ಮೊಬೈಲಲ್ಲೇ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ‘ಆಕ್ಸೆಸಿಬಿಲಿಟಿ’ ಅಂತ ಒಂದು ಭಾಗ ಇರುತ್ತೆ. ನಮ್ಮಲ್ಲಿ ಬಹಳ ಜನ ಅದನ್ನ ತೆರೆದೇ ನೋಡಿರಲ್ಲ.

ಮೊದಲನೆಯದು, ಮಾತನ್ನ ಅಕ್ಷರ ಮಾಡೋದು. ಗೂಗಲ್ 2019ರಲ್ಲಿ ‘ಲೈವ್ ಟ್ರಾನ್ಸ್‌ಕ್ರೈಬ್’ ಅನ್ನೋ ಆಪ್ ತಂತು. ಇದರ ಹಿಂದಿದ್ದ ವಿಜ್ಞಾನಿ ದಿಮಿತ್ರಿ ಕನೆವ್ಸ್ಕಿ, ಅವರಿಗೇ ಚಿಕ್ಕಂದಿನಿಂದ ಕಿವಿ ಕೇಳಲ್ಲ. ಆಂಡ್ರಾಯ್ಡ್ ಫೋನಲ್ಲಿ ಇದು ಉಚಿತ, ಕನ್ನಡವೂ ಇದೆ. ಎದುರಿನವರು ಮಾತಾಡಿದ್ದು ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ ಬರುತ್ತೆ. ಉತ್ತರವನ್ನ ಅಲ್ಲೇ ಟೈಪ್ ಮಾಡಿ ತೋರಿಸಬಹುದು. ಡಾಕ್ಟರ್ ಇನ್ನು ತಮ್ಮನ ಹತ್ತಿರ ಅಲ್ಲ, ಆ ತಾಯಿ ಹತ್ತಿರವೇ ಮಾತಾಡಬಹುದು.

ಎರಡನೆಯದು, ಸದ್ದನ್ನ ಗುರುತಿಸೋದು. 2020ರಿಂದ ಆಂಡ್ರಾಯ್ಡ್‌ನಲ್ಲಿ ‘ಸೌಂಡ್ ನೋಟಿಫಿಕೇಶನ್ಸ್’, ಐಫೋನ್‌ನಲ್ಲಿ ‘ಸೌಂಡ್ ರೆಕಗ್ನಿಷನ್’ ಇದೆ. ಮಗುವಿನ ಅಳು, ಬಾಗಿಲು ಬಡಿಯೋದು, ನಲ್ಲಿ ನೀರು ಸುರಿಯೋದು, ನಾಯಿ ಬೊಗಳೋದು, ಇವನ್ನ ಫೋನೇ ಕೇಳಿಸಿಕೊಂಡು ಪರದೆ ಮೇಲೆ ಹೇಳುತ್ತೆ. ಜೊತೆಗೆ ವೈಬ್ರೇಟ್ ಮಾಡಬಹುದು, ಫ್ಲ್ಯಾಶ್ ಲೈಟ್ ಮಿನುಗಿಸಬಹುದು. ಫೋನನ್ನ ದಿಂಬಿನ ಹತ್ತಿರ ಇಟ್ಟರೆ ಸಾಕು, ಕೂಸು ಅತ್ತಾಗ ತಾಯಿಗೆ ಎಚ್ಚರ ಆಗುತ್ತೆ. ಯಾವಾಗಲೂ ತಪ್ಪದೆ ಹಿಡಿಯುತ್ತೆ ಅಂತಲ್ಲ. ಪೂರ್ತಿ ನಂಬಿ ಕೂರಬಾರದು. ಆದರೆ ಏನೂ ಇಲ್ಲದ ಕತ್ತಲಿಗಿಂತ ಎಷ್ಟೋ ವಾಸಿ.

ಮೂರನೆಯದು, ನಾವೆಲ್ಲ ದಿನಾ ಬಳಸೋದೇ. ವಿಡಿಯೊ ಕಾಲ್! ನಮಗದು ಮೊಮ್ಮಗಳ ಮುಖ ನೋಡೋಕೆ. ಸನ್ನೆ ಭಾಷೆ ಆಡುವವರಿಗೆ ಅದೇ ಟೆಲಿಫೋನು. 2016ರ ನಂತರ ಡೇಟಾ ಅಗ್ಗ ಆಯ್ತಲ್ಲ, ಆಗ ಮೊದಲ ಸಲ ಅವರಲ್ಲಿ ಎಷ್ಟೋ ಜನ ದೂರದವರ ಜೊತೆ ತಮ್ಮದೇ ಭಾಷೆಯಲ್ಲಿ ಹರಟೆ ಹೊಡೆಯುವಂತಾಯ್ತು.

ಇನ್ನೊಂದು ನೆನಪು ಮಾಡ್ತೀನಿ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಒಮ್ಮೆಲೇ ಫೋನುಗಳು ಕಿರುಚಿದ್ದವು. ವಿಪತ್ತಿನ ಎಚ್ಚರಿಕೆಯ ಪರೀಕ್ಷೆ ಅದು. ನಾವು ಆ ಸದ್ದಿಗೆ ಬೆಚ್ಚಿಬಿದ್ವಿ. ಆದರೆ ಫೋನು ನಡುಗಿತ್ತು, ಪರದೆ ಮೇಲೆ ಅಕ್ಷರವೂ ಬಂದಿತ್ತು. ಅಂದ್ರೆ ನಾಳೆ ನಿಜವಾಗಿ ಪ್ರವಾಹ ಬಂದರೆ, ಕಿವಿ ಕೇಳದವರಿಗೂ ನಮ್ಮ ಜೊತೆಗೇ ಸುದ್ದಿ ಮುಟ್ಟಬಹುದು. ಡಂಗುರದ ಕಾಲದಲ್ಲಿ ಇದು ಇರಲಿಲ್ಲ.

ಹಾಗಾದ್ರೆ ಎಲ್ಲ ಸರಿಹೋಯ್ತಾ? ಇಲ್ಲ. ಅಕ್ಷರ ಬರುತ್ತೆ ಸರಿ, ಓದೋಕೆ ಬರಬೇಕಲ್ಲ? ಹುಟ್ಟಿನಿಂದ ಕೇಳದ ಮಗುವಿಗೆ ಸನ್ನೆ ಭಾಷೆಯಲ್ಲಿ ಕಲಿಸದೇ ಹೋದರೆ, ಕನ್ನಡ ಓದೋದೇ ದೊಡ್ಡ ಬೆಟ್ಟ. ಗದ್ದಲ ಇದ್ದರೆ, ನೆಟ್ ಇಲ್ಲದಿದ್ದರೆ ಆಪ್ ತಡವರಿಸುತ್ತೆ. ಕಲಬುರಗಿ ಕಡೆಯ ಮಾತಿನ ಓಟಕ್ಕೆ, ನಡುವೆ ಬರುವ ಉರ್ದು, ಮರಾಠಿಗೆ ಅದು ಏನೇನೋ ಬರೆದುಬಿಡಬಹುದು. ಅದಕ್ಕೇ ಮಾತ್ರೆ ಲೆಕ್ಕ, ದುಡ್ಡಿನ ಲೆಕ್ಕ ಇದ್ದಾಗ ಚೀಟಿಯಲ್ಲಿ ಬರೆಸಿಕೊಳ್ಳಿ.

ಫೋನು ಮಾಡೋದು ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ನಮ್ಮದು. ಒಬ್ಬರು ನಿಮ್ಮ ಮುಂದೆ ಮೊಬೈಲ್ ಹಿಡಿದರೆ ‘ರೆಕಾರ್ಡ್ ಮಾಡ್ತೀಯಾ?’ ಅಂತ ರೇಗಬೇಡಿ. ಅದು ಅವರ ಕಿವಿ. ಮುಖ ನೋಡಿ, ನಿಧಾನಕ್ಕೆ, ಒಬ್ಬೊಬ್ಬರಾಗಿ ಮಾತಾಡಿ. ಕೂಗಿದ್ರೆ ಪ್ರಯೋಜನ ಇಲ್ಲ. ನಿಮ್ಮ ಮನೆಯ ಹುಡುಗರಿಗೆ ಹೇಳಿ, ಪಕ್ಕದ ಮನೆಯ ಅಜ್ಜನ ಫೋನಲ್ಲಿ ಈ ಸೆಟ್ಟಿಂಗ್ ಹಾಕಿಕೊಡಲಿ. ಹತ್ತು ನಿಮಿಷದ ಕೆಲಸ.

ಮನಸ್ಸಿದ್ದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ಬೇಕಾ? ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವರಿಗೆ ಕಿವಿ ಕೇಳಲ್ಲ. 2023ರ ಸೆಪ್ಟೆಂಬರಲ್ಲಿ ಅವರು ಸನ್ನೆ ಭಾಷೆಯ ದುಭಾಷಿ ಮೂಲಕ ಸುಪ್ರೀಂ ಕೋರ್ಟ್ ಮುಂದೆ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಲ್ಲೇ ಹಾಗೆಯೇ ವಾದ ಮಂಡಿಸಿದರು. ನ್ಯಾಯಪೀಠ ಜಾಗ ಮಾಡಿಕೊಟ್ಟಿತು, ವಾದ ನಡೀತು. ಅಷ್ಟೇ.

ಕೋರ್ಟಿಗೆ ಸಾಧ್ಯವಾಗಿದ್ದು ಟಿವಿಗೆ ಯಾಕಿಲ್ಲ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಟಿವಿಯಂಥ ಮಾಧ್ಯಮಗಳಲ್ಲಿ ಸನ್ನೆ ಭಾಷೆ, ಅಕ್ಷರ ಪಟ್ಟಿ ಇರಬೇಕು ಅನ್ನುತ್ತೆ. ದಿನಾ ಎಲ್ಲರನ್ನೂ ಪ್ರಶ್ನೆ ಮಾಡೋ ನಾವು ಈ ಪ್ರಶ್ನೆಯನ್ನ ನಮಗೇ ಕೇಳಿಕೊಂಡಿದ್ದು ಕಡಿಮೆ. ಸ್ಟುಡಿಯೊದಲ್ಲಿ ನಾಲ್ಕು ಜನರನ್ನ ಕೂರಿಸಿ ಒಟ್ಟಿಗೆ ಕೂಗಾಡಿಸ್ತೀವಲ್ಲ, ಆ ನಾಲ್ಕು ಕಿಟಕಿಯಲ್ಲಿ ಒಂದನ್ನ ದುಭಾಷಿಗೆ ಕೊಟ್ಟರೆ ಸಾಕಿತ್ತು. ಕಡಗಂಚಿಯ ಆ ತಾಯಿಗೂ ಸುದ್ದಿ ತಿಳೀತಿತ್ತು.

ಅಲ್ಲಿವರೆಗೂ ಒಂದೇ ವಿನಂತಿ. ಆಗಾಗ ಮ್ಯೂಟ್ ಮಾಡಿ ನೋಡಿ. ನಾವು ಎಷ್ಟು ಜನರನ್ನ ಹೊರಗೆ ನಿಲ್ಲಿಸಿದ್ದೀವಿ ಅನ್ನೋದು ಆಗ ಕಾಣುತ್ತೆ.