ಬಡವರ ಬೂತಾಯಿ ಎಲ್ಲಿ ಹೋಗುತ್ತದೆ?

ಮಂಗಳೂರು, ಉಡುಪಿಯಲ್ಲಿ ಬೂತಾಯಿ. ಕುಂದಾಪುರದತ್ತ ಬೈಗೆ. ಕಾರವಾರದ ಪೇಟೆಯಲ್ಲಿ ತಾರ್ಲೆ. ಗಡಿ ದಾಟಿ ಕೇರಳಕ್ಕೆ ಹೋದರೆ ಮತ್ತಿ. ಹೆಸರು ನಾಲ್ಕಾದರೂ ಮೀನು ಒಂದೇ. ಕರಾವಳಿಯ ಬಡವರ ಗಂಜಿಗೆ ಜತೆಯಾದ ಈ ಮೀನಿಗೆ ವಿಜ್ಞಾನಿಗಳು ಇಟ್ಟ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಲಾಂಗಿಸೆಪ್ಸ್ ಎಂದರೆ ಉದ್ದ ತಲೆಯದು.

ಗುರುತು ಹಿಡಿಯಲು ಈ ತಲೆಯೇ ಮೊದಲ ಸುಳಿವು. ಬಾಲ ಬಿಟ್ಟು ಅಳೆದರೆ ಸುಮಾರು ಮೂರನೇ ಒಂದು ಪಾಲು ತಲೆಯೇ ಇರುತ್ತದೆ. ಬೆನ್ನು ನೀಲಿ ಹಸಿರು, ಪಕ್ಕೆ ಬೆಳ್ಳಿ, ಕಿವಿರು ಮುಚ್ಚಳದ ಹಿಂಬದಿಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಹೊಟ್ಟೆಯ ಕೆಳಗೆ ಬೆರಳಾಡಿಸಿದರೆ ಗರಗಸದಂತೆ ತರಿತರಿ. ಬುಟ್ಟಿಯಲ್ಲಿ ಪಕ್ಕದಲ್ಲೇ ಇರುವ ಬಂಗುಡೆಗೆ ಬೆನ್ನಿನ ಮೇಲೆ ಎರಡು ರೆಕ್ಕೆ, ಬಾಲದ ಬಳಿ ಪುಟ್ಟ ರೆಕ್ಕೆಗಳ ಸಾಲು. ಬೂತಾಯಿಗೆ ಬೆನ್ನಿನ ನಡುವೆ ಒಂದೇ ರೆಕ್ಕೆ.

ಬೂತಾಯಿಯ ಬದುಕು ಮಳೆಗಾಲಕ್ಕೆ ಕಟ್ಟುಬಿದ್ದಿದೆ. ಮುಂಗಾರಿನ ದಿನಗಳಲ್ಲಿ ಕಡಲಿನ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಸಸ್ಯಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಕಿವಿರಿನೊಳಗಿನ ಬಾಚಣಿಗೆಯಂಥ ಜರಡಿಯಿಂದ ಬೂತಾಯಿ ಅವನ್ನು ಸೋಸಿ ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಟ್ಟೆಯಿಡುವ ಕಾಲ. ಮಳೆ ನಿಂತ ಮೇಲೆ ಮೈಯಲ್ಲಿ ಎಣ್ಣೆ ತುಂಬಿಕೊಳ್ಳುತ್ತದೆ; ಬಾಣಲೆಗೆ ಬಿದ್ದ ಬೂತಾಯಿಯ ರುಚಿಯ ಗುಟ್ಟು ಅದೇ. ಹಿಂದೆ ದೋಣಿಯ ಹಲಗೆಗೆ ಬಳಿಯುತ್ತಿದ್ದುದೂ ಇದೇ ಎಣ್ಣೆ.

ದೊಡ್ಡ ಮೀನುಗಳ ಬಾಯಿಂದ ತಪ್ಪಿಸಿಕೊಳ್ಳಲು ಬೂತಾಯಿ ಸಾವಿರಗಟ್ಟಲೆ ಗುಂಪುಗೂಡುತ್ತದೆ. ಆದರೆ ಮನುಷ್ಯನ ಬಲೆಗೆ ಆ ಗುಂಪೇ ಅನುಕೂಲ. ದಡದಿಂದ ಊರವರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿಯ ಜಾಗಕ್ಕೆ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದವು. ಇಡೀ ಗುಂಪನ್ನು ಸುತ್ತುಗಟ್ಟಿ ಎತ್ತುವುದು ಸುಲಭವಾಯಿತು.

ಹಾಗೆಂದು ಎಲ್ಲ ತಪ್ಪೂ ಬಲೆಯದಲ್ಲ. ಕಡಲಿನ ನೀರು ಬಿಸಿಯಾದರೆ, ಮುಂಗಾರು ಏರುಪೇರಾದರೆ ಬೂತಾಯಿ ತಾನಾಗಿಯೇ ಕಡಿಮೆಯಾಗುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಮೀನು 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕಡಿಮೆಯಾಯಿತು. ಬಳಿಕ ಚೇತರಿಸಿಕೊಂಡಿತು.

ಈ ಚೇತರಿಕೆಗೆ ಮರಿಗಳು ಉಳಿಯಬೇಕು. ಬೂತಾಯಿಯ ಆಯುಸ್ಸು ಸುಮಾರು ಎರಡೂವರೆ ವರ್ಷ. ಮೊಟ್ಟೆಯಿಡಲು ಒಂದು ವರ್ಷವಾದರೂ ಆಗಬೇಕು. ಅಷ್ಟರೊಳಗೆ ಹಿಡಿದ ಮರಿ ಮೀನುಪುಡಿಯ ಕಾರ್ಖಾನೆ ಸೇರಿದರೆ ಮುಂದಿನ ವರ್ಷದ ಬೆಳೆಯೇ ಹೋದಂತೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯುವಂತಿಲ್ಲ. ಕರ್ನಾಟಕದಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಾರುಕಟ್ಟೆಯಲ್ಲಿ ಬೆರಳುದ್ದದ ಬೂತಾಯಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇದನ್ನೂ ನೆನೆಯಬೇಕು.