ಕೊಂಡ ಹಳೆಯ ಗಾಡಿಯ ಎಂಜಿನ್ ಕೆಟ್ಟಾಗ

ಹಳೆಯ ಗಾಡಿಯನ್ನು ಕೊಳ್ಳುವವರು ಬಹುಮಟ್ಟಿಗೆ ಲೆಕ್ಕ ಹಾಕಿಯೇ ಕೊಳ್ಳುತ್ತಾರೆ. ಹೊಸದರ ಬೆಲೆ ಕೈಗೆ ಎಟುಕದು. ಇದ್ದ ಉಳಿತಾಯಕ್ಕೆ ಒಂದಿಷ್ಟು ಸಾಲ ಸೇರಿಸಿ, ಸಂಸಾರಕ್ಕೊಂದು ಕಾರನ್ನೋ, ತರಕಾರಿ ಸಾಗಿಸಲು ಒಂದು ಸಣ್ಣ ಸರಕಿನ ಗಾಡಿಯನ್ನೋ ತಂದು ಮನೆಯ ಮುಂದೆ ನಿಲ್ಲಿಸುತ್ತಾರೆ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆಯೂ ಆಗುತ್ತದೆ. ಮೂರನೆಯ ವಾರ, ಘಟ್ಟದ ಏರಿನಲ್ಲೋ ಸಂತೆಯ ದಾರಿಯಲ್ಲೋ, ಎಂಜಿನ್ನಿನ ಸದ್ದು ಬದಲಾಗುತ್ತದೆ, ಕಾವು ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತದೆ, ಗಾಡಿ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇಂಥ ವೇಳೆಯಲ್ಲಿ ಮಾಡಬೇಕಾದುದೇನು? ಮಾರಿದವರ ಮನೆಯ ಮುಂದೆ ಜಗಳಕ್ಕೆ ನಿಲ್ಲುವುದು ಒಂದು ದಾರಿ. ಹತ್ತಿರದ ಗ್ಯಾರೇಜಿಗೆ ಎಳೆಸಿ ಎಂಜಿನ್ ಇಳಿಸಿಬಿಡುವುದು ಇನ್ನೊಂದು. ಎರಡೂ ದುಬಾರಿಯ ದಾರಿಗಳೇ. ಬಿಚ್ಚುವುದಕ್ಕೆ ಮೊದಲು ಅಳೆಯಬೇಕು, ಅಳೆದುದನ್ನು ಬರೆಸಿಕೊಳ್ಳಬೇಕು. ಈ ಮಾತು ಯಂತ್ರಕ್ಕೆ ಸಲ್ಲುವಂತೆ ಕಾನೂನಿಗೂ ಸಲ್ಲುತ್ತದೆ.

ಆದರೆ ಅಳೆಯುವುದಕ್ಕೂ ಮೊದಲು ಎಂಜಿನ್ನನ್ನು ನಿಲ್ಲಿಸಬೇಕು. ಎಣ್ಣೆಯ ಒತ್ತಡ ಕುಸಿಯಿತೆಂದು ಕೆಂಪು ದೀಪ ಹತ್ತಿಕೊಂಡಾಗ, ‘ಊರು ಇನ್ನೆರಡೇ ಕಿಲೋಮೀಟರು’ ಎಂದು ಮುಂದುವರಿಯಬಾರದು. ಎಂಜಿನ್ನಿನ ಕ್ರ್ಯಾಂಕು ಬೇರಿಂಗುಗಳ ನಡುವೆ ಎಣ್ಣೆಯ ತೆಳುವಾದ ಪೊರೆಯೊಂದರ ಮೇಲೆ ತೇಲುತ್ತ ತಿರುಗುತ್ತದೆ. ಒತ್ತಡ ಹೋದರೆ ಆ ಪೊರೆ ಹರಿದು ಲೋಹ ಲೋಹವನ್ನು ಉಜ್ಜುತ್ತದೆ. ಸಣ್ಣ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಕೆಲವೇ ನಿಮಿಷಗಳಲ್ಲಿ ದೊಡ್ಡದಾಗುತ್ತದೆ. ಕಾವು ಏರಿದಾಗಲೂ ಹೀಗೆಯೇ. ಅಲ್ಯುಮಿನಿಯಮ್ಮಿನ ಹೆಡ್ಡು ಅತಿಯಾದ ಕಾವಿಗೆ ಸೊಟ್ಟಗಾಗುತ್ತದೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬೇಡಿ. ಒತ್ತಡದಲ್ಲಿರುವ ಆ ನೀರು ೧೦೦ ಡಿಗ್ರಿ ಸೆಲ್ಸಿಯಸ್ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಇನ್ನು, ಓಡುತ್ತಿದ್ದ ಎಂಜಿನ್ ಒಮ್ಮೆಗೇ ನಿಂತು, ಸ್ಟಾರ್ಟರು ಎಂದಿಗಿಂತ ಹಗುರವಾಗಿ ತಿರುಗಿದರೆ, ಟೈಮಿಂಗ್ ಬೆಲ್ಟು ಹರಿದಿರಬಹುದು. ಮತ್ತೆ ಮತ್ತೆ ತಿರುಗಿಸಿದರೆ ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿದು ಹಾನಿ ಹೆಚ್ಚುತ್ತದೆ.

ಎಂಜಿನ್ ಆರಿದ ಮೇಲೆ ಕಣ್ಣಿನ ಕೆಲಸ. ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಅದರೊಳಗೆ ನೀರು ಸೇರಿದೆ. ಹೊಗೆಯ ಬಣ್ಣವೂ ಮಾತನಾಡುತ್ತದೆ. ನೀಲಿ ಹೊಗೆ ಎಂದರೆ ಎಣ್ಣೆ ಸುಡುತ್ತಿದೆ. ಪಿಸ್ಟನ್ ರಿಂಗುಗಳೋ ವಾಲ್ವಿನ ಸೀಲುಗಳೋ ಸವೆದಿವೆ. ಕಪ್ಪು ಹೊಗೆ ಇಂಧನ ಹೆಚ್ಚಾದುದರ ಅಥವಾ ಗಾಳಿ ಕಡಿಮೆಯಾದುದರ ಗುರುತು. ಚಳಿಯ ಮುಂಜಾವಿನಲ್ಲಿ ಬಿಳಿಯ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದೆ, ಕೂಲೆಂಟು ದಿನದಿನವೂ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು.

ಆದರೆ ಇವು ಗುರುತುಗಳು ಮಾತ್ರ, ತೀರ್ಪಲ್ಲ. ನೀಲಿ ಹೊಗೆಯನ್ನು ಕಂಡೊಡನೆ ‘ಬೋರ್ ಮಾಡಿಸಬೇಕು ಸ್ವಾಮಿ’ ಎಂದು ಮೆಕ್ಯಾನಿಕ್ಕು ಹೇಳಿದರೆ, ‘ಮೊದಲು ಕಂಪ್ರೆಷನ್ ನೋಡೋಣ’ ಎನ್ನಿ. ಸಿಲಿಂಡರು ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮಬಲ್ಲದೆಂಬುದನ್ನು ಒಂದು ಮಾಪಕ ತೋರಿಸುತ್ತದೆ. ಎಲ್ಲ ಸಿಲಿಂಡರುಗಳ ಅಂಕಿಗಳನ್ನೂ ಬರೆದುಕೊಂಡು, ತಯಾರಕರ ಕೈಪಿಡಿಯಲ್ಲಿರುವ ಅಂಕಿಯೊಡನೆ ಹೋಲಿಸಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ, ಅಂಕಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ದೋಷ ರಿಂಗುಗಳಲ್ಲಿ, ಏಕೆಂದರೆ ಎಣ್ಣೆ ಅವುಗಳ ಸಂದನ್ನು ಕ್ಷಣಕಾಲ ಮುಚ್ಚಿತು. ಏರದಿದ್ದರೆ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಸೋರಿಕೆಯಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ಟು ಒಡೆದಿರುವ ಸಂಭವವೇ ಹೆಚ್ಚು.

ಇನ್ನೊಂದು ಪರೀಕ್ಷೆ ಕಿವಿಯದು. ಪಿಸ್ಟನ್ನು ಅದುಮಿ ಮೇಲೆ ಬಂದು, ವಾಲ್ವುಗಳೆರಡೂ ಮುಚ್ಚಿರುವಾಗ, ಹೊರಗಿನಿಂದ ಸಿಲಿಂಡರಿಗೆ ಗಾಳಿ ತುಂಬುತ್ತಾರೆ. ಆ ಗಾಳಿ ಸೈಲೆನ್ಸರಿನಲ್ಲಿ ಸುಯ್ಯೆಂದರೆ ಹೊಗೆ ಬಿಡುವ ವಾಲ್ವು ಸೋರುತ್ತಿದೆ. ಏರ್ ಫಿಲ್ಟರಿನ ಕಡೆ ಕೇಳಿಸಿದರೆ ಗಾಳಿ ಎಳೆಯುವ ವಾಲ್ವು. ಎಣ್ಣೆ ತುಂಬುವ ಬಾಯಲ್ಲಿ ಜೋರಾಗಿ ಕೇಳಿಸಿದರೆ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆಗಳೆದ್ದರೆ ಗ್ಯಾಸ್ಕೆಟ್ಟು, ಇಲ್ಲವೆ ಎಲ್ಲೋ ಬಿರುಕು. ಈ ಪರೀಕ್ಷೆಗೆ ಎಂಜಿನ್ ಇಳಿಸಬೇಕಾಗಿಲ್ಲ.

ಅಂಕಿಗಳು ಕೈಗೆ ಬಂದ ಮೇಲೆ ಖರ್ಚಿನ ವಿಚಾರ. ಗ್ಯಾಸ್ಕೆಟ್ಟು ಮಾತ್ರ ಹೋಗಿದ್ದರೆ ಹೆಡ್ಡನ್ನು ಬಿಚ್ಚಿ, ಸೊಟ್ಟಗಾಗಿದ್ದಲ್ಲಿ ಲೇತಿನ ಅಂಗಡಿಯಲ್ಲಿ ಅದರ ಮುಖವನ್ನು ಸಮಮಾಡಿಸಿ ಕೂರಿಸುತ್ತಾರೆ. ಸಿಲಿಂಡರು ಸವೆದಿದ್ದರೆ ಬೋರ್ ಹೊಡೆಸಿ, ಕಾಲೋ ಅರ್ಧವೋ ಮಿಲಿಮೀಟರು ದೊಡ್ಡದಾದ ಪಿಸ್ಟನ್ ಹಾಕಿಸುವುದುಂಟು. ಬ್ಲಾಕೇ ಒಡೆದಿದ್ದರೆ ಬೇರೆ ಎಂಜಿನ್ ತರುವುದು ಅಗ್ಗವಾಗಬಹುದು; ಆದರೆ ಅದೂ ಹಳೆಯದೇ, ಅದಕ್ಕೂ ಈ ಪರೀಕ್ಷೆಗಳೆಲ್ಲ ಆಗಲೇಬೇಕು. ಎಂಜಿನ್ ಸಂಖ್ಯೆ ಬದಲಾದುದನ್ನು ಸಾರಿಗೆ ಕಚೇರಿಯಲ್ಲಿ ತಿಳಿಸಿ ನೋಂದಣಿ ಪತ್ರದಲ್ಲಿ ತಿದ್ದಿಸಿಕೊಳ್ಳಬೇಕು. ಸಾಮಾನ್ಯ ವಾಹನ ವಿಮೆಯು ಸವಕಳಿಗೂ ಯಂತ್ರದ ಕೆಡುಕಿಗೂ ಹಣ ಕೊಡುವುದಿಲ್ಲವೆಂಬುದನ್ನೂ ನೆನಪಿಡಬೇಕು. ಗಾಡಿಗೆ ಕೊಟ್ಟ ಬೆಲೆ ಕೊಟ್ಟಾಯಿತು. ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ರಿಪೇರಿಯಾದ ಮೇಲೆ ಈ ಗಾಡಿಯ ಬೆಲೆ, ರಿಪೇರಿಯ ಖರ್ಚಿಗಿಂತ ಹೆಚ್ಚಾಗಿರುತ್ತದೆಯೆ?

ಈಗ ಮಾರಿದವರ ಹೊಣೆ. ೧೯೩೦ರ ಸರಕು ಮಾರಾಟ ಅಧಿನಿಯಮದ ಸಾಮಾನ್ಯ ನಿಯಮವೆಂದರೆ, ನೋಡಿ ಕೊಳ್ಳುವ ಹೊಣೆ ಕೊಳ್ಳುವವನದು. ಇದಕ್ಕೆ ಅಪವಾದಗಳಿವೆ. ವ್ಯಾಪಾರಿಯ ತಿಳಿವಳಿಕೆಯನ್ನು ನಂಬಿ, ಉದ್ದೇಶವನ್ನು ತಿಳಿಸಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕಂತಿರಬೇಕು. ೧೮೭೨ರ ಕರಾರು ಅಧಿನಿಯಮದ ಪ್ರಕಾರ, ಮೋಸಗೊಳಿಸಬೇಕೆಂದು ಗೊತ್ತಿದ್ದ ದೋಷವನ್ನು ಮರೆಮಾಚುವುದು ವಂಚನೆ. ಸುಮ್ಮನಿದ್ದುದು ಮಾತ್ರ ಸಾಮಾನ್ಯವಾಗಿ ವಂಚನೆಯಲ್ಲ. ಆದುದರಿಂದಲೇ ಕೊಳ್ಳುವಾಗ ‘ಎಂಜಿನ್ ಎಂದಾದರೂ ಬಿಚ್ಚಿದ್ದುಂಟೆ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಲೇಸು.

೨೦೨೦ರಲ್ಲಿ ಜಾರಿಗೆ ಬಂದ ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಹಳೆಯ ಗಾಡಿಗಳ ವ್ಯಾಪಾರಿಗೂ ಅನ್ವಯಿಸುತ್ತದೆ. ತನ್ನ ಸ್ವಂತ ಕಾರನ್ನು ಮಾರಿದ ನೆರೆಯವರು ವ್ಯಾಪಾರಿಯೆನಿಸುವುದಿಲ್ಲ. ಅವರ ಮೇಲಿನ ವ್ಯಾಜ್ಯಕ್ಕೆ ಸಿವಿಲ್ ನ್ಯಾಯಾಲಯವೇ ದಾರಿ. ವಾಣಿಜ್ಯದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವಾದರೂ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಸರಕಿನ ಗಾಡಿ ಕೊಂಡವನಿಗೆ ಕಾನೂನು ಗ್ರಾಹಕನ ಸ್ಥಾನವನ್ನು ಕೊಟ್ಟಿದೆ. ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ.

ಬಿಚ್ಚುವ ಮೊದಲು ಅಳೆಯಬೇಕೆಂಬುದರ ಬೆಲೆ ಇಲ್ಲಿಯೇ ತಿಳಿಯುವುದು. ಎಂಜಿನ್ನಿನ ಭಾಗಗಳು ಗ್ಯಾರೇಜಿನ ನೆಲದ ಮೇಲೆ ಹರಡಿದ ಮೇಲೆ, ದೋಷ ಮೊದಲೇ ಇತ್ತೋ ಬಿಚ್ಚಿದ ಕೈಯಿಂದ ಬಂತೋ ಎಂಬ ಪ್ರಶ್ನೆಗೆ ಉತ್ತರ ಹೇಳುವವರಿಲ್ಲ. ಅಂಕಿಗಳು, ಕಿಲೋಮೀಟರು, ದಿನಾಂಕ ಇವುಗಳನ್ನು ಮೆಕ್ಯಾನಿಕ್ಕಿನ ಸಹಿಯೊಡನೆ ಬರೆಸಿಕೊಳ್ಳಿ. ಬಿಚ್ಚುವ ದಿನವನ್ನು ಮಾರಿದವರಿಗೆ ಮೊದಲೇ ಬರೆದು ತಿಳಿಸಿ, ಬೇಕಾದರೆ ಬಂದು ನೋಡಲೆನ್ನಿ. ಚಿತ್ರಗಳನ್ನು ತೆಗೆದಿಡಿ. ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಕಟ್ಟಿಡಿ. ಮಾರಿದವರು ನ್ಯಾಯವಂತರಾಗಿದ್ದರೆ ಅನೇಕ ವೇಳೆ ಈ ಒಂದು ಹಾಳೆಯ ಮುಂದೆಯೇ ಖರ್ಚು ಹಂಚಿಕೊಳ್ಳುವ ಮಾತು ಮೂಡುತ್ತದೆ. ಹಾಗಾಗದಿದ್ದರೆ ಆಯೋಗದ ಮುಂದೆ ನಿಮ್ಮ ಪರವಾಗಿ ಮಾತನಾಡುವುದೂ ಆ ಹಾಳೆಯೇ.