ತಾಳಮದ್ದಳೆಯ ಅರ್ಥವೂ ಧ್ವನಿಗ್ರಾಹಕದ ಆಯ್ಕೆಯೂ

ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ರೂಢಿಯಲ್ಲಿರುವ ತಾಳಮದ್ದಳೆಯೆಂಬುದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಅದನ್ನು ಪಾತ್ರದ ಮಾತಾಗಿ ವಿಸ್ತರಿಸುತ್ತಾರೆ. ಪದ್ಯಕ್ಕೆ ಅಚ್ಚಿನ ಪುಸ್ತಕವುಂಟು, ಅರ್ಥಕ್ಕೆ ಇಲ್ಲ. ವಾಲಿಯೂ ರಾಮನೂ ಒಂದು ರಾತ್ರಿ ನಡೆಸಿದ ವಾದವನ್ನು ಅದೇ ಇಬ್ಬರು ಅರ್ಥಧಾರಿಗಳು ಮರುದಿನ ಬೇರೊಂದೂರಿನಲ್ಲಿ ಅವೇ ಮಾತುಗಳಿಂದ ನಡೆಸುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಮೊದಲಾದವರ ಕಂಠದ ಮಾತು ಇಂದು ದೊರೆಯುವುದು ಧ್ವನಿಮುದ್ರಣಗಳಲ್ಲಿ ಮಾತ್ರ. ಓಲೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಬೇರೊಂದು ಪ್ರತಿಯಿಂದ ತುಂಬಿಕೊಳ್ಳಬಹುದು. ಮುದ್ರಣದಲ್ಲಿ ಲುಪ್ತವಾದ ಆಶುವಾಕ್ಯಕ್ಕೆ ಪ್ರತ್ಯಂತರವೇ ಇಲ್ಲ. ಆದುದರಿಂದ ಧ್ವನಿಗ್ರಾಹಕದ, ಎಂದರೆ ಜನರು ಮೈಕು ಎನ್ನುವ ಉಪಕರಣದ ಆಯ್ಕೆಯು ಕುಶಲಕರ್ಮಿಗಳಿಗೆ ಮಾತ್ರ ಸೇರಿದ ವಿಷಯವಲ್ಲ. ಅದು ಪಾಠನಿರ್ಣಯದ ಮೊದಲ ಹೆಜ್ಜೆ.

ಕನ್ನಡದ ಮಾತಿನಲ್ಲಿ ಬೇಗನೆ ಕೆಡುವ ಅಂಶಗಳು ಮೂರು. ಶ, ಷ, ಸಗಳ ಭೇದವು ಬಹುಮಟ್ಟಿಗೆ ಎತ್ತರದ ಕಂಪನಗಳಲ್ಲಿರುವುದರಿಂದ, ಗ್ರಾಹಕವು ದೂರಕ್ಕೋ ಪಕ್ಕಕ್ಕೋ ಸರಿದೊಡನೆ ಮಸುಕಾಗುತ್ತದೆ. ದನ-ಧನ, ಬಾರ-ಭಾರಗಳನ್ನು ಬೇರ್ಪಡಿಸುವ ಮಹಾಪ್ರಾಣವು ಕ್ಷಣಮಾತ್ರದ ಉಸಿರು. ಗದ್ದಲದಲ್ಲಿ ಅದು ಅಡಗಿಹೋಗುತ್ತದೆ. ಹ್ರಸ್ವದೀರ್ಘಗಳ ಅಂಚನ್ನು ಸಭಾಗೃಹದ ಮಾರ್ದನಿಯು ಅಳಿಸುತ್ತದೆ. ಶ್ಲೇಷೆಯನ್ನೇ ಆಯುಧವಾಗಿ ಹಿಡಿಯುವ ಅರ್ಥಧಾರಿಯ ಮಾತಿನಲ್ಲಿ ಇವುಗಳ ನಷ್ಟವು ಅರ್ಥದ ನಷ್ಟವೇ ಸರಿ.

ಇವೆಲ್ಲಕ್ಕೂ ಮೊದಲ ಮದ್ದು ಸಾಮೀಪ್ಯ. ಬಾಯಿಯಿಂದ 15 ಸೆಂಟಿಮೀಟರಿನಲ್ಲಿದ್ದ ಗ್ರಾಹಕವನ್ನು 60 ಸೆಂಟಿಮೀಟರಿಗೆ ಸರಿಸಿದರೆ ಮಾತಿನ ಒತ್ತಡವು ಕಾಲುಭಾಗಕ್ಕೆ, ಎಂದರೆ ಸುಮಾರು 12 ಡೆಸಿಬೆಲ್ಲಿನಷ್ಟು, ಇಳಿಯುತ್ತದೆ. ಸುತ್ತಣ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ತಾಳಮದ್ದಳೆಯ ಸುಗ್ಗಿ ಮಳೆಗಾಲವೆಂಬುದನ್ನು ಇಲ್ಲಿ ಮರೆಯಲಾಗದು. ತಗಡಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆಯು ಎಲ್ಲ ಸ್ವರಗಳನ್ನೂ ಸಮನಾಗಿ ಮುಚ್ಚುತ್ತದೆ. ಅದನ್ನು ಆಮೇಲೆ ಯಾವ ಯಂತ್ರವೂ ಮಾತಿಗೆ ಹಾನಿಯಾಗದಂತೆ ಪೂರ್ತಿಯಾಗಿ ತೊಳೆಯಲಾರದು. ಬೆಲೆಬಾಳುವ ಗ್ರಾಹಕವನ್ನು ದೂರವಿಡುವುದಕ್ಕಿಂತ ಸಾಧಾರಣವಾದುದನ್ನು ಹತ್ತಿರವಿಡುವುದು ಲೇಸು.

ಸಾಮೀಪ್ಯಕ್ಕೂ ದೋಷವುಂಟು. ಒಂದೇ ದಿಕ್ಕಿಗೆ ಕಿವಿಗೊಡುವ ಏಕಮುಖ ಗ್ರಾಹಕವು ಬಾಯಿಗೆ ಅತಿ ಹತ್ತಿರವಾದರೆ ಮಂದ್ರವನ್ನು ಉಬ್ಬಿಸುತ್ತದೆ. ಗಂಭೀರಕಂಠದ ಕೌರವನು ಗುಡಾಣದೊಳಗಿಂದ ಮಾತನಾಡಿದಂತಾಗುತ್ತಾನೆ. ಪ, ಬ, ಭಗಳ ಉಸಿರು ನೇರವಾಗಿ ತಗುಲಿ ಢಬ್ಬೆನ್ನುತ್ತದೆ. 20 ಸೆಂಟಿಮೀಟರಿನಷ್ಟು ದೂರದಲ್ಲಿ, ಬಾಯಿಯ ನೇರದಿಂದ ತುಸು ಓರೆಯಾಗಿ, ಸ್ಪಂಜಿನ ಮುಸುಕು ತೊಡಿಸಿ ಇಟ್ಟರೆ ಎರಡೂ ಹಿಡಿತಕ್ಕೆ ಬರುತ್ತವೆ. ಸರ್ವಮುಖ ಗ್ರಾಹಕದಲ್ಲಿ ಮಂದ್ರ ಉಬ್ಬುವ ದೋಷವಿಲ್ಲ. ಶಾಲಿಗೆ ಸಿಕ್ಕಿಸುವ ಪುಟ್ಟ ಗ್ರಾಹಕಗಳು ಬಹುಮಟ್ಟಿಗೆ ಈ ಜಾತಿಯವು. ಆದರೆ ಆವೇಶ ಬಂದಾಗ ಎದೆ ತಟ್ಟಿಕೊಳ್ಳುವ, ಶಾಲನ್ನು ಮತ್ತೆ ಮತ್ತೆ ಹೆಗಲಿಗೇರಿಸುವ ಅರ್ಥಧಾರಿಗಳಿಗೆ ಅವು ಹೊಂದುವುದಿಲ್ಲ.

ಕಂಡೆನ್ಸರ್ ಜಾತಿಯ ಗ್ರಾಹಕವು ಊಷ್ಮಾಕ್ಷರಗಳನ್ನು ಸೂಕ್ಷ್ಮವಾಗಿ ಹಿಡಿಯುತ್ತದೆಂಬುದು ನಿಜ. ಒಣಗಿದ, ಮುಚ್ಚಿದ ಕೊಠಡಿಯಲ್ಲಿ ಅದೇ ಶ್ರೇಷ್ಠ. ಅದಕ್ಕೆ ವಿದ್ಯುತ್ತು ಬೇಕು, ಸಾಮಾನ್ಯವಾಗಿ 48 ವೋಲ್ಟು. ತೇವ ಹೊಕ್ಕರೆ ಚಟಪಟಗುಟ್ಟುವುದೂ ಉಂಟು. ಡೈನಾಮಿಕ್ ಜಾತಿಯದು ಗಡುಸು, ತೇವವನ್ನು ತಾಳಿಕೊಳ್ಳುತ್ತದೆ. ಮೆಲುಮಾತಿಗೆ ಹೆಚ್ಚು ವರ್ಧನೆಯನ್ನು ಬೇಡುತ್ತದೆ. ಮಳೆಗಾಲದ ಕೂಟಕ್ಕೆ ಏಕಮುಖದ ಡೈನಾಮಿಕ್ಕೇ ತಕ್ಕುದೆಂದು ತೋರುತ್ತದೆ.

ಸಂವಾದವು ಇಬ್ಬರ ಸ್ವತ್ತಾದುದರಿಂದ ಒಬ್ಬೊಬ್ಬರಿಗೂ ಒಂದೊಂದು ಗ್ರಾಹಕವಿರಬೇಕು, ಒಂದೊಂದೂ ಬೇರೆ ಪಥದಲ್ಲಿ ಮುದ್ರಿತವಾಗಬೇಕು. ಮಾತಿನ ಮೇಲೆ ಮಾತು ಬಿದ್ದಾಗ ಯಾರು ಏನೆಂದರೆಂಬುದನ್ನು ಬಿಡಿಸಲು ಬೇರೆ ಉಪಾಯವಿಲ್ಲ. ಗ್ರಾಹಕಗಳ ನಡುವಣ ಅಂತರವು ಬಾಯಿಗೂ ಗ್ರಾಹಕಕ್ಕೂ ಇರುವ ದೂರದ ಮೂರು ಪಟ್ಟಿಗೆ ಕಡಮೆಯಾಗಬಾರದು. ಏಕಮುಖ ಗ್ರಾಹಕದ ಬೆನ್ನು ಬಹುಮಟ್ಟಿಗೆ ಕಿವುಡು. ಆ ಬೆನ್ನು ಚೆಂಡೆಯ ಕಡೆಗಿರಲಿ. ಚೆಂಡೆಮದ್ದಳೆಗಳಿಗೂ ಭಾಗವತರಿಗೂ ಪ್ರತ್ಯೇಕ ಗ್ರಾಹಕ ಬೇಕು. ಮಾತಿಗೆ ಹೊಂದಿಸಿದ ಮಟ್ಟವು ಚೆಂಡೆಯ ಮೊದಲ ಪೆಟ್ಟಿಗೇ ಒಡೆಯುತ್ತದೆ. 24 ಬಿಟ್ಟಿನ ಮುದ್ರಣದಲ್ಲಿ ಮಟ್ಟವನ್ನು ಸಾಕಷ್ಟು ತಗ್ಗಿಸಿಟ್ಟರೂ ಮಾತು ಕೆಡುವುದಿಲ್ಲ.

ಸಭೆಯ ಧ್ವನಿವರ್ಧಕದಿಂದಲೇ ಒಂದು ತಂತಿಯನ್ನೆಳೆದು ಮುದ್ರಿಸಿಕೊಳ್ಳುವ ವಾಡಿಕೆಯುಂಟು. ಸುಲಭವಾದರೂ ಅದನ್ನೊಂದನ್ನೇ ನಂಬಲಾಗದು. ವರ್ಧಕದವನು ಸಭೆಯ ಕಿವಿಗಾಗಿ ಒಬ್ಬರನ್ನು ತಗ್ಗಿಸಿ ಇನ್ನೊಬ್ಬರನ್ನು ಏರಿಸುತ್ತಾನೆ. ಪ್ರೇಕ್ಷಕರ ನಗೆಯಂತೂ ಅದರಲ್ಲಿ ಸರಿಯಾಗಿ ಬರುವುದೇ ಇಲ್ಲ. ಆ ನಗೆಯೂ ಪಾಠದ ಅಂಗವೇ: ಅರ್ಥಧಾರಿಯು ಒಂದು ಮಾತನ್ನು ಲಂಬಿಸಿದ್ದು, ಮತ್ತೊಂದನ್ನು ಅರ್ಧಕ್ಕೆ ಬಿಟ್ಟದ್ದು ಅನೇಕವೇಳೆ ಅದರಿಂದಲೇ ತಿಳಿಯುತ್ತದೆ. ಸಭೆಗೆ ಮುಖಮಾಡಿದ ಇನ್ನೊಂದು ಗ್ರಾಹಕವು ಈ ಕೊರತೆಯನ್ನು ನೀಗುತ್ತದೆ.

ಮಿಲ್ಮನ್ ಪ್ಯಾರಿಯು 1934–35ರಲ್ಲಿ ಯುಗೊಸ್ಲಾವಿಯಾದ ವೀರಗೀತಗಾಯಕರನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಮುದ್ರಿಸಿದಾಗ, ಹಾಡು ತಡೆಯದಿರಲೆಂದು ಎರಡು ತಿರುಗುಪೀಠಗಳನ್ನು ಸರದಿಯಾಗಿ ನಡೆಸಿದನು. ಆ ಕಷ್ಟ ಈಗಿಲ್ಲ. ಆದರೂ ಕೂಟಕ್ಕೆ ಮುಂಚೆ ಪ್ರತಿಯೊಬ್ಬ ಅರ್ಥಧಾರಿಯಿಂದಲೂ, ಬರಿಯ ಎಣಿಕೆಯನ್ನಲ್ಲದೆ, ಪಾತ್ರದ ಗತ್ತಿನಲ್ಲಿ ನಾಲ್ಕು ವಾಕ್ಯಗಳನ್ನು ಆಡಿಸಿ ಕೇಳಿನೋಡತಕ್ಕದ್ದು; ಯಾವ ಗ್ರಾಹಕ, ಯಾರ ಮುಂದೆ, ಎಷ್ಟು ದೂರದಲ್ಲಿತ್ತೆಂಬುದನ್ನು ಮುದ್ರಣದ ಆರಂಭದಲ್ಲಿಯೇ ಬಾಯಿಮಾತಿನಲ್ಲಿ ದಾಖಲಿಸತಕ್ಕದ್ದು.